ಮಾಜಿ ಸೈನಿಕರೂ ಪಿತ್ತಕೋಶದ ಕಲ್ಲೂ



ಸೈನ್ಯದಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಂಡಿರುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಎದ್ದು ಬೆನ್ನಿಗೂ ಹೆಗಲಿಗೂ ಹರಿದರೆ "ಗ್ಯಾಸ್" ಎಂದು ಶುಂಠಿ ಕಷಾಯ ಕುಡಿದು ಮಲಗಿಬಿಡುತ್ತಾರೆ. ನೋವು ತಡೆದುಕೊಳ್ಳುವುದು ಸೈನಿಕನ ಗುಣವೇ ಸರಿ. ಆದರೆ ಪಿತ್ತಕೋಶದ ವಿಷಯದಲ್ಲಿ ಆ ಗುಣವೇ ಮುಳುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅನುಭವವನ್ನು ನೋಡಿರಿ. ಅಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವು ಹೆಚ್ಚು ಎಂಬ ದೂರು 1980ರ ದಶಕದಲ್ಲಿ ಎದ್ದಿತು. "ನಮ್ಮ ರೋಗಿಗಳು ವಯಸ್ಸಾದವರು, ಹಲವು ರೋಗವುಳ್ಳವರು" ಎಂಬುದು ವೈದ್ಯರ ಉತ್ತರ. ಬರೀ ವಾದ ಮಾಡುತ್ತ ಕೂರದೆ, ಡಾ. ಶುಕ್ರಿ ಖೂರಿಯವರ ಮುಂದಾಳುತನದಲ್ಲಿ 1991ರಿಂದ 44 ಆಸ್ಪತ್ರೆಗಳಲ್ಲಿ ಲೆಕ್ಕ ಇಡತೊಡಗಿದರು. ಪ್ರತಿ ರೋಗಿಯ ವಯಸ್ಸು, ಇತರ ಕಾಯಿಲೆ, 30 ದಿನಗಳೊಳಗಿನ ಫಲಿತಾಂಶ, ಎಲ್ಲವೂ ದಾಖಲಾಯಿತು. 1994ರಲ್ಲಿ ಇದು ಉಳಿದ ಆಸ್ಪತ್ರೆಗಳಿಗೂ ಹಬ್ಬಿತು. ಸುಮಾರು ಹತ್ತು ವರ್ಷಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರದ ಸಾವು ಶೇ. 27, ತೊಡಕುಗಳು ಶೇ. 45 ಇಳಿದವು. ಲೆಕ್ಕ ಬರೆದಿಟ್ಟ ರೈತನಿಗೆ ನಷ್ಟ ಎಲ್ಲಿ ಆಯಿತೆಂದು ತಿಳಿಯುತ್ತದಲ್ಲವೇ, ಹಾಗೆ.

ಪಿತ್ತಕೋಶವನ್ನು ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ಕೊಳವೆಯಿಂದ ತೆಗೆಯುವ ಲ್ಯಾಪರೋಸ್ಕೋಪಿ ವಿಧಾನವನ್ನು 1985ರಲ್ಲಿ ಜರ್ಮನಿಯ ಡಾ. ಎರಿಕ್ ಮ್ಯೂಹೆ ಆರಂಭಿಸಿದರು. 1990ರಲ್ಲಿ ಅದು ಮುಂಬಯಿಗೂ ಬಂತು. ಈಗ ಎಲ್ಲೆಡೆ ಅದೇ ರೂಢಿ. ಕಲ್ಲು ಹೆಂಗಸರಲ್ಲಿ ಹೆಚ್ಚು. ಆದರೂ ಕಷ್ಟದ ಶಸ್ತ್ರಚಿಕಿತ್ಸೆ ಗಂಡಸರಲ್ಲಿಯೇ ಹೆಚ್ಚು. ಅವರು ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಪಿತ್ತಕೋಶ ಬಾತು, ಸುತ್ತಲಿನ ಅಂಗಗಳಿಗೆ ಅಂಟಿಕೊಂಡಿರುತ್ತದೆ. ಆಗ ಕೊಳವೆ ಬದಿಗಿಟ್ಟು ಹೊಟ್ಟೆ ಕೊಯ್ಯಬೇಕಾಗಬಹುದು. ಅಮೆರಿಕದ ಆ ಆಸ್ಪತ್ರೆಗಳ ರೋಗಿಗಳಲ್ಲಿ ಬಹುಪಾಲು ಇಂಥ ವಯಸ್ಸಾದ ಗಂಡಸರೇ. ಸಕ್ಕರೆ ಕಾಯಿಲೆಯಿದ್ದವರಲ್ಲಿ ಪಿತ್ತಕೋಶ ಕೊಳೆಯುವ ಅಪಾಯ ಬೇರೆ.

ಹಾಗೆಂದು ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡ ಎಲ್ಲರೂ ಹೊಟ್ಟೆ ಕೊಯ್ಸಿಕೊಳ್ಳಬೇಕಾಗಿಲ್ಲ. ಯಾವ ತೊಂದರೆಯನ್ನೂ ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬಹುದು. ನೋವು ಮರುಕಳಿಸಿದರೆ ಮಾತ್ರ ಕೊಯ್ಲು ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡಬಾರದು. ಬಾಳೆದಿಂಡಿನ ರಸದಿಂದ ಈ ಕಲ್ಲು ಕರಗದು. ಅದನ್ನು ಮೂತ್ರಕೋಶದ ಕಲ್ಲಿಗೆಂದು ಕುಡಿಯುವವರಿದ್ದಾರೆ, ಇದು ಬೇರೆಯೇ ಕಲ್ಲು.

2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯ ಸದಸ್ಯರಾದ ಮಾಜಿ ಸೈನಿಕರು ಸಾಮಾನ್ಯವಾಗಿ ಮೊದಲು ಅದರ ಪಾಲಿಕ್ಲಿನಿಕ್ಕಿನಿಂದ ಚೀಟಿ ಪಡೆದು ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆದರೆ ನೋವಿನೊಡನೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಚೀಟಿಗಾಗಿ ಕಾಯಬೇಡಿರಿ; ತುರ್ತಿನಲ್ಲಿ ನೇರವಾಗಿ ಆಸ್ಪತ್ರೆಗೆ ಹೋಗಲು ಅವಕಾಶವಿದೆ. ಕಾರ್ಡು ಮಾತ್ರ ಜೊತೆಗಿರಲಿ.