ಗಾಂಜಾ ಮಾರುಕಟ್ಟೆಗೆ ಮುಂಬಯಿಯ ಅಫೀಮಿನ ಪಾಠ

ಮುಂಬಯಿಯ ಭಾಯಖಳಾದ ಆದೀಶ್ವರ ಜಿನಮಂದಿರವನ್ನು ಕಟ್ಟಿಸಿದವರು ಸೇಠ್ ಮೋತೀಚಂದ್ ಅಮೀಚಂದ್ (1782–1836). ಮೋತಿಶಾ ಎಂದೇ ಅವರು ಪ್ರಸಿದ್ಧರು. ಶತ್ರುಂಜಯ ಗಿರಿಯ ಮೇಲೆ ಕಮರಿಯೊಂದನ್ನು ತುಂಬಿಸಿ ಮಂದಿರಸಮೂಹವನ್ನು ಎಬ್ಬಿಸಲು ಸಂಕಲ್ಪಿಸಿದವರೂ ಅವರೇ. 1834ರಲ್ಲಿ ಜಮ್ಶೇಟ್‌ಜೀ ಜೀಜೀಭಾಯಿಯವರೊಡನೆ ಸೇರಿ ಮುಂಬಯಿಯ ಪಾಂಜರಾಪೋಳಕ್ಕೆ ತಳಹದಿ ಹಾಕಿದವರೂ ಅವರೇ. ಮುದಿ ಎತ್ತಿಗೂ ಬೀದಿ ನಾಯಿಗೂ ಆಸರೆ ಕೊಟ್ಟ ಆ ಕೈ ಚೀನಾಕ್ಕೆ ಕಳುಹಿದ ಸರಕುಗಳಲ್ಲಿ ಮಾಳವದ ಅಫೀಮೂ ಒಂದಾಗಿತ್ತು. ಸಮಾಜವು ಮೊದಲನೆಯದನ್ನು ಹೆಮ್ಮೆಯಿಂದ ನೆನೆಯುತ್ತದೆ. ಎರಡನೆಯದನ್ನು ‘ಚೀನಾ ವ್ಯಾಪಾರ’ ಎಂಬ ಒಂದೇ ಮಾತಿನಲ್ಲಿ ದಾಟಿಬಿಡುತ್ತದೆ.

ಗತಿಸಿದವರ ಮೇಲೆ ತೀರ್ಪು ಕೊಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಅದೇ ಬಗೆಯ ಪೇಟೆಯೊಂದು ಜಗತ್ತಿನ ಹಲವೆಡೆ ಈಗ ಮತ್ತೆ ತೆರೆಯುತ್ತಿದೆ, ಅದರ ಬಾಗಿಲ ಬಳಿ ಸಮಾಜದ ಬಂಡವಾಳವೂ ನಿಲ್ಲುವ ಕಾಲ ದೂರವಿಲ್ಲ. ಆದ್ದರಿಂದ ಹಳೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡುವುದು ಅಗತ್ಯ.

ಹೊಸ ಪೇಟೆ ಗಾಂಜಾದ್ದು. ಕೆನಡಾ 2018ರ ಅಕ್ಟೋಬರ್‌ನಲ್ಲಿ ಅದನ್ನು ಕಾನೂನುಬದ್ಧಗೊಳಿಸಿತು. ಆದರೆ ಔಷಧ ಮತ್ತು ಸಂಶೋಧನೆಯ ಹೊರತು ಮಾದಕವಾಗಿ ಬಳಸುವ ಗಾಂಜಾದ ಆಮದು-ರಫ್ತಿಗೆ ಅವಕಾಶ ಕೊಡಲಿಲ್ಲ. ಅಮೆರಿಕದಲ್ಲಿ ಅನುಮತಿ ನೀಡಿದ ರಾಜ್ಯಗಳು ಒಂದರ ಸರಕನ್ನು ಇನ್ನೊಂದು ಕೊಳ್ಳುವಂತಿಲ್ಲ. ಒಂದೊಂದು ರಾಜ್ಯವೂ ಬೇಲಿ ಹಾಕಿದ ತೋಟ. ಕೆನಡಾದ ಔಷಧೀಯ ಗಾಂಜಾ ಅಗ್ಗದ ಬೆಲೆಗೆ ಬಂದು ಸುರಿಯುತ್ತಿದೆಯೆಂಬ ದೂರಿನ ಮೇಲೆ ಇಸ್ರೇಲ್ 2024ರಲ್ಲಿ ತನಿಖೆ ಆರಂಭಿಸಿತು. ಥೈಲ್ಯಾಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ನಿಷಿದ್ಧ ಪಟ್ಟಿಯಿಂದ ತೆಗೆದಾಗ ಅಲ್ಲಿನ ಬೆಳೆಗಾರರು ಹರ್ಷಿಸಿದರು; ಬೆಲೆ ಕುಸಿದು ಹೊರದೇಶದ ಕಳ್ಳಮಾಲು ನುಗ್ಗಿದಾಗ ಅವರೇ ರಕ್ಷಣೆ ಬೇಡಿದರು; 2025ರಲ್ಲಿ ಸರ್ಕಾರ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಈ ನಡುವೆ ಬ್ಯಾಂಕಾಕಿನ ವಿಮಾನಗಳಲ್ಲಿ ಬಂದಿಳಿದ ಪ್ರಯಾಣಿಕರ ಪೆಟ್ಟಿಗೆಗಳಿಂದ ‘ಹೈಡ್ರೋಪೋನಿಕ್’ ಗಾಂಜಾ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ.

ಭಾರತದಲ್ಲಿ ಗಾಂಜಾ 1985ರ ಮಾದಕ ವಸ್ತು ಕಾಯ್ದೆಯಡಿ ನಿಷಿದ್ಧ. ಆದರೆ ಅದೇ ಕಾಯ್ದೆ ನಾರು ಮತ್ತು ಬೀಜಕ್ಕಾಗಿ ಗಿಡವನ್ನು ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆನ್ನುತ್ತದೆ. ಮಾದಕಾಂಶ ಅತ್ಯಲ್ಪವಿರುವ, ವ್ಯಾಪಾರದ ಮಾತಿನಲ್ಲಿ ‘ಹೆಂಪ್’ ಎನಿಸಿಕೊಂಡ ಈ ಬೆಳೆಗೆ ಉತ್ತರಾಖಂಡ 2018ರಲ್ಲಿ ಪರವಾನಗಿ ಕೊಡಲಾರಂಭಿಸಿತು. 2021ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಂಪ್ ಬೀಜವನ್ನೂ ಅದರ ಎಣ್ಣೆಯನ್ನೂ ಆಹಾರವೆಂದು ಒಪ್ಪಿತು. ಇದೇ ಉದ್ಯಮಕ್ಕಾಗಿ ಮುಂಬಯಿಯಲ್ಲಿ ಕಂಪನಿ ಹುಟ್ಟಿ ಹೆಸರಾಂತ ಹೂಡಿಕೆದಾರರನ್ನೂ ಪಡೆದಿದೆ. ಮುಂದಿನ ಹೆಜ್ಜೆಯ ಚರ್ಚೆ ಬಂದಾಗಲೆಲ್ಲ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಪೇಟೆ ಮುಕ್ತವಾಗಿರಲಿ, ಸ್ಪರ್ಧೆಯಿಂದ ಬೆಲೆ ಇಳಿದು ಕಳ್ಳದಂಧೆ ಸಾಯುತ್ತದೆ ಎನ್ನುವುದು ಒಂದು. ಬೇಲಿ ಇರಲಿ, ಇಲ್ಲದಿದ್ದರೆ ವಿದೇಶದ ದೊಡ್ಡ ಕಂಪನಿಗಳು ಬೆಟ್ಟದ ಸಣ್ಣ ರೈತನನ್ನು ನುಂಗುತ್ತವೆ ಎನ್ನುವುದು ಇನ್ನೊಂದು.

ಮುಂಬಯಿ ಈ ವಾದವನ್ನು ಇನ್ನೂರು ವರ್ಷಗಳ ಹಿಂದೆಯೇ ಅಫೀಮಿನ ಹೆಸರಿನಲ್ಲಿ ಕೇಳಿತ್ತು. ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸನ ಆಡಳಿತ 1773ರಲ್ಲಿ ಅಫೀಮಿನ ಏಕಸ್ವಾಮ್ಯವನ್ನು ವಶಪಡಿಸಿಕೊಂಡಿತು. ಕಂಪನಿ ಹೇಳಿದ ಬೆಲೆಗೆ ರೈತ ಬೆಳೆಯಬೇಕು. ಕಲ್ಕತ್ತೆಯ ಹರಾಜಿನಲ್ಲಿ ವರ್ತಕ ಕೊಳ್ಳಬೇಕು. ನಡುವಿನ ಅಂತರ ಬೊಕ್ಕಸಕ್ಕೆ. ಆದರೆ ಇಂದೂರು, ಉಜ್ಜಯಿನಿ, ರತಲಾಮ್, ಮಂದಸೌರಗಳ ಸುತ್ತಣ ಮಾಳವ ದೇಶೀ ಅರಸರ ಕೈಯಲ್ಲಿತ್ತು. ಅಲ್ಲಿ ಗಸಗಸೆಯನ್ನು ಯಾರೂ ಬೆಳೆಯಬಹುದಿತ್ತು, ಸಾಹುಕಾರರು ಮುಂಗಡ ಕೊಟ್ಟು ಕೊಳ್ಳಬಹುದಿತ್ತು. ಆ ಸರಕು ಪಶ್ಚಿಮ ತೀರದ ಮೂಲಕ ಚೀನಾಕ್ಕೆ ಹೋದಷ್ಟೂ ಕಲ್ಕತ್ತೆಯ ಬೆಲೆ ಕುಸಿಯುತ್ತಿತ್ತು. ಆದ್ದರಿಂದ ಕಂಪನಿ ಬೇಲಿ ಕಟ್ಟಿತು. ಮೊದಲು ಮುಂಬಯಿ ಬಂದರನ್ನು ಮುಚ್ಚಿತು. ಬಳಿಕ ಮಾಳವದ ಮಾಲನ್ನು ತಾನೇ ಕೊಂಡು ಹರಾಜು ಹಾಕಿತು. 1820ರ ದಶಕದಲ್ಲಿ ಅರಸರೊಡನೆ ಒಪ್ಪಂದ ಮಾಡಿಕೊಂಡು ಬೆಳೆಯನ್ನೂ ಸಾಗಣೆಯನ್ನೂ ಕಟ್ಟಿಹಾಕಲೆತ್ನಿಸಿತು.

ಬೇಲಿ ನಿಲ್ಲಲಿಲ್ಲ. ಒಂಟೆಗಳ ಸಾಲುಗಳು ಪಾಲಿ, ಜೈಸಲ್ಮೇರಗಳನ್ನು ಸುತ್ತಿ ಕರಾಚಿಗೆ ಹೋದವು. ಅಲ್ಲಿಂದ ಅಫೀಮು ದೋಣಿಯೇರಿ ಪೋರ್ಚುಗೀಸರ ದಮನ್ ಸೇರಿತು. ಮುಂಬಯಿಯ ವರ್ತಕರ ಹಣವೂ ಅದರ ಹಿಂದೆ ದಮನ್‌ಗೆ ನಡೆಯಿತು. ಸೋತ ಕಂಪನಿ 1831ರ ಹೊತ್ತಿಗೆ ನಿರ್ಬಂಧವನ್ನು ಕೈಬಿಟ್ಟು, ಪೆಟ್ಟಿಗೆಯೊಂದಕ್ಕೆ 175 ರೂಪಾಯಿ ಕೊಟ್ಟು ರಹದಾರಿ ಪಡೆದವರಿಗೆ ಮುಂಬಯಿಯನ್ನು ತೆರೆಯಿತು. ಆದರೂ ದಮನ್ ದಾರಿ ಅಗ್ಗವಾಗಿಯೇ ಇದ್ದುದರಿಂದ 1835ರಲ್ಲಿ ಸುಂಕ 125ಕ್ಕೆ ಇಳಿಯಿತು. 1843ರಲ್ಲಿ ಸಿಂಧ್ ಬ್ರಿಟಿಷರ ವಶವಾಗಿ ಕರಾಚಿಯ ದಾರಿ ಮುಚ್ಚಿದೊಡನೆ ಅದು 200ಕ್ಕೆ, 1845ರಲ್ಲಿ 300ಕ್ಕೆ, 1847ರಲ್ಲಿ 400ಕ್ಕೆ ಏರಿತು. ಎದುರಾಳಿ ದಾರಿ ತೆರೆದಿರುವಾಗ ಉದಾರ, ಮುಚ್ಚಿದಾಗ ಕಠೋರ: ಸುಂಕದ ಹಿಂದೆ ಇದ್ದ ತತ್ತ್ವ ಇಷ್ಟೇ.

ಮುಕ್ತ ವ್ಯಾಪಾರದ ಪಕ್ಷಕ್ಕೂ ಹೆಚ್ಚಿನ ತತ್ತ್ವವಿರಲಿಲ್ಲ. ಏಕಸ್ವಾಮ್ಯವನ್ನು ಅನ್ಯಾಯವೆಂದು ಜರೆದ ವರ್ತಕರು, ತಮ್ಮ ದೇಶಕ್ಕೆ ಅಫೀಮು ಬೇಡವೆಂದ ಚೀನಾದ ನಿಷೇಧವನ್ನೂ ಅದೇ ಬಾಯಲ್ಲಿ ಅನ್ಯಾಯವೆಂದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ನಾಶಮಾಡಿಸಿದಾಗ ಬ್ರಿಟಿಷ್ ಯುದ್ಧನೌಕೆಗಳು ಅತ್ತ ಹೊರಟವು. ಕಲ್ಕತ್ತೆಯ ಬೇಲಿಯೂ ಮುಂಬಯಿಯ ಮುಕ್ತ ಬಂದರೂ ಪರಸ್ಪರ ಕಾದಾಡಿದ್ದು ಲಾಭ ಯಾರಿಗೆ ಎಂಬ ಪ್ರಶ್ನೆಗಾಗಿ. ಕ್ಯಾಂಟನ್ನಿನ ಓಣಿಯಲ್ಲಿ ಚಾಪೆಯ ಮೇಲೆ ಒರಗಿ ಹೊಗೆ ಸೇದುತ್ತಿದ್ದವನು ಎರಡು ಲೆಕ್ಕಪುಸ್ತಕಗಳಲ್ಲಿಯೂ ಇರಲಿಲ್ಲ.

ಗಾಂಜಾದ ಕಥೆಯೂ ಭಿನ್ನವಲ್ಲ. ಬ್ರಿಟಿಷ್ ಭಾರತದಲ್ಲಿ ಅದು ಪರವಾನಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸರಕು. ಬಂಗಾಳದ ನವಗಾಂವ್ ಸೀಮೆಗೆ ಮಾತ್ರ ಬೆಳೆಯನ್ನು ಸೀಮಿತಗೊಳಿಸಿ, ಸರ್ಕಾರಿ ಉಗ್ರಾಣದ ಮೂಲಕ ಸುಂಕ ವಸೂಲುಮಾಡುವ ವ್ಯವಸ್ಥೆಯಿತ್ತು. 1893–94ರ ಭಾರತೀಯ ಗಾಂಜಾ ಆಯೋಗವು ಮಿತಸೇವನೆಯಿಂದ ದೊಡ್ಡ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ನಿಯಂತ್ರಣ ಮತ್ತು ತೆರಿಗೆ ಸಾಕು ಎಂದಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆ ವರದಿಯನ್ನು ಲಘುವಾಗಿ ಕಾಣಲಾಗದು. ಆದರೂ ತೆರಿಗೆ ತಿನ್ನುವ ಸರ್ಕಾರಕ್ಕೆ ಸೇವನೆ ತಗ್ಗಿದರೆ ನಷ್ಟ ಎಂಬ ತೊಡಕನ್ನು ಯಾವ ವರದಿಯೂ ಬಿಡಿಸಲಾರದು. ಮದ್ಯದ ಆದಾಯಕ್ಕೆ ಒಗ್ಗಿಕೊಂಡ ಇಂದಿನ ರಾಜ್ಯಗಳೇ ಅದಕ್ಕೆ ಸಾಕ್ಷಿ.

ಶ್ರಾವಕಾಚಾರವು ಮೂರನೆಯ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿದೆ. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು, ಅಂದರೆ ರಾಜ್ಯದ ನಿಯಮ ಮೀರಿದ ವ್ಯಾಪಾರವನ್ನು, ಎಣಿಸಿದೆ. ದಮನ್ ದಾರಿಯ ಅಫೀಮು ಈ ದೋಷಕ್ಕೆ ಒಳಪಟ್ಟಿತ್ತು. ಶ್ವೇತಾಂಬರ ಪರಂಪರೆ ಶ್ರಾವಕನಿಗೆ ವರ್ಜ್ಯವೆಂದು ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯ ಬೇರೆಯೇ ಆಗಿ ನಿಂತಿದೆ. ದಿಗಂಬರ ಪರಂಪರೆಯ ರತ್ನಕರಂಡಕ ಶ್ರಾವಕಾಚಾರವು ಹಿಂಸೆಯ ಸಾಧನವನ್ನು ಪರರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದೆ. 1831ರಲ್ಲಿ ಸುಂಕ ಕಟ್ಟಿ ರಹದಾರಿ ಪಡೆದ ವರ್ತಕನಿಂದ ಮೊದಲನೆಯ ದೋಷ ಕಳಚಿತು. ಎರಡನೆಯದು ಹಾಗೆಯೇ ಉಳಿಯಿತು. ಕಾನೂನು ಒಪ್ಪಿದ್ದನ್ನೆಲ್ಲ ವ್ರತ ಒಪ್ಪುವುದಿಲ್ಲ. ನಾಳೆ ಗಾಂಜಾಕ್ಕೆ ಪರವಾನಗಿ ಬಂದರೆ ಸಮಾಜದ ಯುವ ಉದ್ಯಮಿ ನೆನಪಿಡಬೇಕಾದ ಮಾತು ಇದು.

ಇಷ್ಟರಿಂದ ನಿಷೇಧವೇ ಧರ್ಮವೆಂದು ತೀರ್ಮಾನಿಸುವುದೂ ತಪ್ಪು. ಗಾಂಜಾ ಸೇದಿದ ಬಡ ಹುಡುಗನನ್ನು ಸೆರೆಮನೆಗೆ ನೂಕಿ ಬಾಳು ಕೆಡಿಸುವುದರಲ್ಲಿಯೂ ಹಿಂಸೆಯಿದೆ. ಸೇವಿಸುವವನಿಗೆ ಚಿಕಿತ್ಸೆ ಸಲ್ಲಬೇಕು. ಅವನ ಚಟದಿಂದ ಹಣ ಮಾಡುವವನಿಗೆ ತಡೆ ಬೀಳಬೇಕು. ಕಾಯ್ದೆಯ ಭಾರ ಇಂದು ಬಹುಮಟ್ಟಿಗೆ ಮೊದಲನೆಯವನ ಮೇಲೆಯೇ ಬೀಳುತ್ತಿದೆ.

ಹಾಗಾದರೆ ಮುಕ್ತ ವ್ಯಾಪಾರವೋ ರಕ್ಷಣೆಯೋ? ಗಿಡವೊಂದೇ ಆದರೂ ಸರಕು ಮೂರು, ಉತ್ತರವೂ ಮೂರಾಗಬೇಕು. ನಾರು ಮತ್ತು ಬೀಜದ ವ್ಯಾಪಾರ ಮುಕ್ತವಾಗಿರಲಿ. ರೇಷ್ಮೆಹುಳುವನ್ನು ಬೇಯಿಸದೆ ಬಟ್ಟೆ ಕೊಡಬಲ್ಲ ನಾರನ್ನು ಅಹಿಂಸೆಯ ಸಮಾಜ ಸ್ವಾಗತಿಸಬೇಕು. ರಕ್ಷಣೆ ಬೇಕಾದರೆ ಅದು ಸಣ್ಣ ಬೆಳೆಗಾರನ ಸಹಕಾರ ಸಂಘಕ್ಕೆ ಸಿಗಲಿ, ಪರವಾನಗಿ ಹಿಡಿದು ಕುಳಿತ ದೊಡ್ಡ ಕಂಪನಿಗಲ್ಲ. ಔಷಧಕ್ಕೆ ಊರಿನ ಬೇಲಿಯೂ ಬೇಡ, ಪೇಟೆಯ ಅಬ್ಬರವೂ ಬೇಡ. ಶುದ್ಧತೆಯೇ ಅಳತೆ, ರೋಗಿಯ ಹಿತವೇ ಗುರಿ. ಮಾದಕ ಗಾಂಜಾಕ್ಕೆ ಮಾತ್ರ ಎರಡು ಪಕ್ಷಗಳ ವಾದವೂ ಸಲ್ಲದು. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಆ ಮಾತನ್ನು ಹಿಡಿದು ಸರ್ಕಾರ ತಾನೇ ಅಂಗಡಿಯಿಟ್ಟು ಆದಾಯ ಎಣಿಸತೊಡಗಿದರೆ ಅದು ಕಲ್ಕತ್ತೆಯ ಹರಾಜಿನ ಪುನರಾವೃತ್ತಿ. ಎಂದಾದರೂ ಅನುಮತಿಸಿದರೆ ಜಾಹೀರಾತು ಇರಕೂಡದು, ಬಂದ ಸುಂಕವೆಲ್ಲ ಚಿಕಿತ್ಸೆಗೇ ಮೀಸಲಾಗಬೇಕು, ಬೊಕ್ಕಸ ಅದನ್ನು ನೆಚ್ಚಿಕೊಳ್ಳಕೂಡದು.

ಸಮಾಜದೊಳಗಿನ ಕೆಲಸವೂ ಇದೆ. ಮಂದಿರ, ಬಸದಿ ಮತ್ತು ವಿದ್ಯಾಸಂಸ್ಥೆಗಳ ಟ್ರಸ್ಟುಗಳು ದಾನದ ಮೊತ್ತವನ್ನು ಕೇಳುವಂತೆ ಅದರ ಮೂಲವನ್ನೂ ಕೇಳುವ ನಿಯಮವನ್ನು ಈಗಲೇ, ಪೇಟೆ ತೆರೆಯುವ ಮುನ್ನವೇ, ಬರೆದಿಡಬೇಕು. ಹಣ ಬಂದು ಶಿಲೆಯ ಮೇಲೆ ಹೆಸರು ಕೆತ್ತಿದ ಮೇಲೆ ಕೇಳುವ ಎದೆಗಾರಿಕೆ ಯಾರಿಗೂ ಇರುವುದಿಲ್ಲ.

ಭಾಯಖಳಾದ ಮಂದಿರದಲ್ಲಿ ಕಾರ್ತಿಕ ಹುಣ್ಣಿಮೆಯಂದು ಸಾವಿರಾರು ಜನ ದರ್ಶನಕ್ಕೆ ನೆರೆಯುತ್ತಾರೆ. ಅವರ ಭಕ್ತಿಗೆ ಕಳಂಕವಿಲ್ಲ. ಕಟ್ಟಿಸಿದವರ ಭಕ್ತಿಯನ್ನೂ ಶಂಕಿಸಬೇಕಾಗಿಲ್ಲ. ಆದರೆ ಆ ಮಂದಿರದ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಪಾಂಜರಾಪೋಳದ ಜೊತೆಗೆ ಅಫೀಮಿನ ಪೆಟ್ಟಿಗೆಯನ್ನೂ ಹೇಳಬೇಕು. ತಪ್ಪನ್ನು ಮುಚ್ಚಿಡದೆ ಒಪ್ಪಿಕೊಳ್ಳುವುದನ್ನೇ ಧರ್ಮವು ಆಲೋಚನೆ ಎಂದು ಕರೆಯುತ್ತದೆ. ಅದು ವ್ಯಕ್ತಿಗೆ ಹೇಗೋ ಸಮಾಜಕ್ಕೂ ಹಾಗೆಯೇ ನಿತ್ಯಕರ್ಮ.