ಬ್ಲಾಕ್‌ಚೈನ್ ಬರಲಿ, ಗೋಡೌನ್ ಬಾಗಿಲಿನಿಂದ ಶುರುವಾಗಲಿ

ಸಕಲೇಶಪುರ, ಆಲೂರಿನ ಕಾಫಿ ಬೆಳೆಗಾರರು ನೆನಪಿಟ್ಟುಕೊಳ್ಳಬೇಕಾದ ತಾರೀಖು 2026ರ ಡಿಸೆಂಬರ್ 30. ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಅವತ್ತಿನಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾಗುತ್ತೆ. ಸಣ್ಣ ಕಂಪನಿಗಳಿಗೆ ಇನ್ನಾರು ತಿಂಗಳು ಹೆಚ್ಚು ಸಮಯ ಇದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ಲಾಟ್ ಯಾವ ತೋಟದ್ದು ಅಂತ ಜಿಪಿಎಸ್ ಸಮೇತ ತೋರಿಸಬೇಕು. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಾದರೆ ಇಡೀ ಗಡಿಯ ನಕ್ಷೆ ಬೇಕು. ಭಾರತ 'ಕಡಿಮೆ ಅಪಾಯ'ದ ದೇಶಗಳ ಪಟ್ಟಿಯಲ್ಲಿದೆ ಅನ್ನೋದು ನಿಜ. ಅದರಿಂದ ತಪಾಸಣೆ ಕಡಿಮೆಯಾಗುತ್ತೆ, ಆದರೆ ತೋಟದ ಲೆಕ್ಕ ಒಪ್ಪಿಸೋದು ತಪ್ಪಲ್ಲ.

ಇದಕ್ಕೆಲ್ಲ ಪರಿಹಾರ ಅಂತ ಮತ್ತೆ ಮತ್ತೆ ಕೇಳಿಬರೋ ಪದ ಬ್ಲಾಕ್‌ಚೈನ್. ಕಾಫಿ ಬೋರ್ಡ್ 2019ರ ಮಾರ್ಚ್‌ನಲ್ಲೇ 'ಏಕಾ ಪ್ಲಸ್' ಜೊತೆ ಸೇರಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತ್ತು. ಬೆಳೆಗಾರನಿಗೂ ಖರೀದಿದಾರನಿಗೂ ನಡುವಿನ ಪದರಗಳು ಕಡಿಮೆಯಾಗುತ್ತವೆ, ಆದಾಯ ಹೆಚ್ಚುತ್ತೆ ಅನ್ನೋದು ಆಗಿನ ಭರವಸೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟನ್ನು ಪ್ರಕಟಿಸಿ, 'ವಿಶ್ವಸ್ಯ' ಅನ್ನೋ ತಂತ್ರಾಂಶ ವ್ಯವಸ್ಥೆಯನ್ನೂ ತಂತು. ಇಲಾಖೆಗಳು ಸ್ವಂತ ಜಾಲ ಕಟ್ಟದೆ ಇದನ್ನೇ ಸೇವೆಯಾಗಿ ಬಳಸಬಹುದು. ಅಂದರೆ ಮುಂದಿನ ಹಂತಕ್ಕೆ ಬೇಕಾದ ಯಂತ್ರ ಹೆಚ್ಚುಕಡಿಮೆ ರೆಡಿ ಇದೆ. ಅದನ್ನು ಎಲ್ಲಿಂದ ಚಾಲೂ ಮಾಡಬೇಕು ಅನ್ನೋದೇ ಈಗಿರೋ ಪ್ರಶ್ನೆ.

ಸರಪಳಿ ಎಲ್ಲಿ ಕಡಿಯುತ್ತೆ?

ಬ್ಲಾಕ್‌ಚೈನ್ ಅಂದ್ರೆ ಹಲವರ ಹತ್ತಿರ ಒಂದೇ ಪ್ರತಿ ಇರೋ ಲೆಕ್ಕದ ಪುಸ್ತಕ. ಒಂದು ಸಾಲು ಬರೆದ ಮೇಲೆ ಯಾರೂ ಗುಟ್ಟಾಗಿ ತಿದ್ದೋಕಾಗಲ್ಲ. ಆದರೆ ಬರೆಯುವಾಗಲೇ ಸುಳ್ಳು ಬರೆದರೆ? ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತೆ. ಗಣಿತ ಕಾಪಾಡೋದು ದಾಖಲೆಯನ್ನು, ಮೂಟೆಯನ್ನಲ್ಲ.

ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ಶೇ. 98ರಷ್ಟು ಮಂದಿ ಸಣ್ಣ ಹಿಡುವಳಿದಾರರು. ಅವರಲ್ಲಿ ಬಹುಪಾಲು ಜನ ರಫ್ತುದಾರರ ಮುಖ ನೋಡೋದೇ ಇಲ್ಲ. ಸಕಲೇಶಪುರದ ಸಣ್ಣ ಬೆಳೆಗಾರ ಒಣಗಿಸಿದ ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ ಸ್ಥಳೀಯ ವ್ಯಾಪಾರಿಗೆ ಹಾಕ್ತಾನೆ. ತೇವಾಂಶ ಎಷ್ಟು, ಔಟ್‌ಟರ್ನ್ ಎಷ್ಟು ಅನ್ನೋದರ ಮೇಲೆ 50 ಕೆಜಿ ಮೂಟೆಯ ದರ ನಿಂತಿರುತ್ತೆ. ಅದನ್ನು ಅಳೆಯೋನು ಕೊಳ್ಳೋನೇ. ಆಮೇಲೆ ಹತ್ತಾರು ತೋಟದ ಕಾಫಿ ಒಂದೇ ಗೋಡೌನಿನಲ್ಲಿ ಬೆರೆತು ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತೆ. ಸರಪಳಿ ಕಡಿಯೋದು ಇಲ್ಲೇ. ಬೆರೆಸಿದ ಲಾಟ್ ಯುರೋಪಿಗೆ ಹೋಗಬೇಕಾದರೆ ಅದರಲ್ಲಿರೋ ಪ್ರತಿ ತೋಟದ ವಿವರವೂ ಬೇಕು. ಒಂದರದ್ದು ಇಲ್ಲದಿದ್ದರೂ ಇಡೀ ಲಾಟ್‌ಗೆ ತೊಡಕು.

ಹಾಗಾಗಿ ಕಪ್ಪಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿ ಬರ್ಲಿನ್‌ನ ಗ್ರಾಹಕನಿಗೆ ತೋಟದ ಫೋಟೋ ತೋರಿಸೋದು ಕೊನೆಯ ಕೆಲಸ. ಮೊದಲು ಕಟ್ಟಬೇಕಾದ್ದು ಗೋಡೌನ್ ಬಾಗಿಲಿನ ರಸೀದಿ. ತೂಕ, ತೇವಾಂಶ, ಔಟ್‌ಟರ್ನ್, ದರ ಇಷ್ಟೂ ಅವತ್ತೇ ದಾಖಲಾಗಿ ಕನ್ನಡದಲ್ಲಿ ಬೆಳೆಗಾರನ ಮೊಬೈಲಿಗೆ ಬರಬೇಕು. ಸಿಗ್ನಲ್ ಸಿಗದ ಕಡೆ ಆಫ್‌ಲೈನ್‌ನಲ್ಲೂ ನಡೀಬೇಕು. ಆಗ ಯುರೋಪಿಗೆ ಪುರಾವೆ ಸಿಗುತ್ತೆ, ಬೆಳೆಗಾರನಿಗೆ ಚೌಕಾಸಿ ಮಾಡೋಕೆ ಒಂದು ಕಾಗದ ಸಿಗುತ್ತೆ.

ಪಹಣಿ ಸರಿಯಿಲ್ಲದೆ ಬ್ಲಾಕ್ ಸರಿಯಾಗಲ್ಲ

ಇನ್ನೊಂದು ತೊಡಕು ನೆಲದ್ದು. ಕಾಫಿಯನ್ನು ಆಯಾ ದೇಶದ ಭೂಬಳಕೆ ಕಾನೂನಿನ ಪ್ರಕಾರವೇ ಬೆಳೆದಿರಬೇಕು ಅಂತಲೂ ಯುರೋಪಿನ ಕಾನೂನು ಹೇಳುತ್ತೆ. ಮಲೆನಾಡಲ್ಲಿ ತೀರಿಹೋದ ಅಜ್ಜನ ಹೆಸರಲ್ಲೇ ಇರೋ ಪಹಣಿ, ಪೋಡಿ ಆಗದ ಜಮೀನು, ಸರ್ಕಾರಿ ಕಂದಾಯ ಭೂಮಿಗೆ ಚಾಚಿದ ತೋಟ ಎಷ್ಟಿಲ್ಲ? ಇಂಥ ಒತ್ತುವರಿಯನ್ನು 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡೋಕೆ ರಾಜ್ಯ ಸರ್ಕಾರ 2022ರಲ್ಲಿ ಭೂಕಂದಾಯ ಕಾಯ್ದೆಯನ್ನೇ ತಿದ್ದಿತು. ಅದು ಸರಿಯೋ ತಪ್ಪೋ, ಭೂಮಿಯೇ ಇಲ್ಲದ ತೋಟದ ಕಾರ್ಮಿಕರಿಗೆ ಏನು ಸಿಕ್ತು ಅನ್ನೋದು ಕೇಳಲೇಬೇಕಾದ ಬೇರೆ ಪ್ರಶ್ನೆ. ಇಲ್ಲಿನ ವಿಷಯ ಇಷ್ಟೇ: ಕಂದಾಯ ಇಲಾಖೆಯ ಗೋಜಲನ್ನು ಹಾಗೇ ತಗೊಂಡು ಅಳಿಸಲಾಗದ ಪುಸ್ತಕಕ್ಕೆ ಏರಿಸಿದರೆ ಗೋಜಲೇ ಶಾಶ್ವತ ಆಗುತ್ತೆ. ತಪ್ಪು ದಾಖಲೆಯನ್ನು ಪ್ರಶ್ನಿಸಿ, ಅದರ ಪಕ್ಕದಲ್ಲೇ ತಿದ್ದುಪಡಿ ಸೇರಿಸೋ ದಾರಿ ಮೊದಲ ದಿನವೇ ಇರಬೇಕು.

ಪುಸ್ತಕ ಯಾರ ಕೈಯಲ್ಲಿ?

ಮಲೆನಾಡಿಗೆ ಇದು ಹೊಸ ಪ್ರಶ್ನೆ ಏನಲ್ಲ. ದಶಕಗಳ ಕಾಲ ಪೂಲ್ ಪದ್ಧತಿಯಲ್ಲಿ ಕಾಫಿಯೆಲ್ಲ ಕಾಫಿ ಬೋರ್ಡಿಗೇ ಹೋಗಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಲೆಕ್ಕ ಒಬ್ಬರ ಹತ್ತಿರವೇ ಇತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯ್ತು. ಸ್ವಾತಂತ್ರ್ಯ ಬಂತು, ಜೊತೆಗೆ ಲೆಕ್ಕ ನೂರಾರು ಗೋಡೌನುಗಳಿಗೆ ಚದುರಿತು. ಈಗ ಅದು ಮತ್ತೆ ಒಂದುಗೂಡೋ ಹೊತ್ತು. ಹೊಸ ಪುಸ್ತಕದ ಕೀಲಿಕೈ ಬೋರ್ಡ್ ಮತ್ತು ರಫ್ತು ಕಂಪನಿಗಳ ಹತ್ತಿರ ಮಾತ್ರ ಇದ್ದರೆ ಏನಾಗಬಹುದು? ತೋಟದ ನಕ್ಷೆ ಒಂದು ಕಂಪನಿಯ ಆ್ಯಪಿನಲ್ಲಿ ಸಿಕ್ಕಿಬಿದ್ದರೆ, ಬೆಳೆಗಾರ ಆ ಕಂಪನಿಗೇ ಮಾರಬೇಕಾದ ಸ್ಥಿತಿ ಬರಬಹುದು.

ಐಬಿಎಂ, ಮೇರ್ಸ್ಕ್‌ನಂಥ ದೈತ್ಯರು ಹಡಗು ಸಾಗಣೆಗೆ ಕಟ್ಟಿದ 'ಟ್ರೇಡ್‌ಲೆನ್ಸ್' ಬ್ಲಾಕ್‌ಚೈನ್ ಜಾಲವನ್ನು ಮುಚ್ಚೋದಾಗಿ 2022ರಲ್ಲಿ ಘೋಷಿಸಿದರು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನೋದೇ ಅವರು ಕೊಟ್ಟ ಕಾರಣ. ನಂಬಿಕೆ ಇಲ್ಲದ ಕಡೆ ತಂತ್ರಜ್ಞಾನ ಒಂದೇ ನಂಬಿಕೆ ಹುಟ್ಟಿಸಲ್ಲ. ಅದಕ್ಕೇ ಈ ಜಾಲದ ಒಂದು ನೋಡ್ ಬೆಳೆಗಾರರ ಸಂಘಟನೆಗಳ ಕೈಯಲ್ಲಿರಬೇಕು, ತೋಟದ ಮಾಹಿತಿ ಬೆಳೆಗಾರನ ಅನುಮತಿಯಿಲ್ಲದೆ ಯಾರಿಗೂ ಸಿಗಬಾರದು, ಅದನ್ನು ಯಾವ ಖರೀದಿದಾರನ ಹತ್ತಿರಕ್ಕಾದರೂ ಒಯ್ಯುವ ಹಕ್ಕು ಅವನಿಗಿರಬೇಕು.

ಡಿಸೆಂಬರ್ ಅಂದ್ರೆ ಅರೇಬಿಕಾ ಕೊಯ್ಲಿನ ನಟ್ಟನಡುವಿನ ತಿಂಗಳು. ಹಣ್ಣು ಕೊಯ್ಯೋಕೇ ಆಳು ಸಿಗದ ಆ ಹೊತ್ತಲ್ಲಿ ಯಾರೂ ಆ್ಯಪ್ ಕಲೀತಾ ಕೂರಲ್ಲ. ಮೇಲಿನ ಷರತ್ತುಗಳ ಚರ್ಚೆ ಅದಕ್ಕೂ ಮುಂಚೆ ಸಕಲೇಶಪುರ, ಆಲೂರಿನ ಗ್ರಾಮಸಭೆಗಳಲ್ಲಿ ಆಗಬೇಕು. ಆಗದಿದ್ದರೆ ಷರತ್ತುಗಳನ್ನು ಬೇರೆಯವರು ಬರೀತಾರೆ, ಅಳಿಸೋಕಾಗದ ಪುಸ್ತಕದಲ್ಲಿ.