ಹಳೆಯ ಪಿಕಪ್ ಟ್ರಕ್ಕು ಎಷ್ಟು ಎತ್ತರ ನಿಲ್ಲಬೇಕು?

ಹುಲ್ಲು ಹೇರಿದ ಬಂಡಿಯ ಹಿಂದೆ ಹಳ್ಳದಿಣ್ಣೆಯ ದಾರಿಯಲ್ಲಿ ನಡೆದು ಬಂದವರಿಗೆ ಎತ್ತರದ ಅಪಾಯವನ್ನು ಯಾರೂ ಬೋಧಿಸಬೇಕಾಗಿಲ್ಲ. ಒಂದು ಗಾಲಿ ಕುಣಿಗೆ ಇಳಿದೊಡನೆ ಹೊರೆಯ ತುದಿ ಮೊಳದುದ್ದ ವಾಲುತ್ತದೆ. ಬಂಡಿ ಹೊಡೆಯುವವನ ಜೀವ ಬಾಯಿಗೆ ಬರುತ್ತದೆ. ಅಷ್ಟೇ ತೂಕದ ಕಲ್ಲನ್ನು ಹೇರಿದ ಬಂಡಿಯಾದರೋ ಅದೇ ಕುಣಿಯನ್ನು ನಿಶ್ಚಿಂತೆಯಿಂದ ದಾಟುತ್ತದೆ. ತೂಕ ಒಂದೇ, ಗಾಲಿಗಳ ಅಂತರವೂ ಒಂದೇ. ಭೇದವಿರುವುದು ಆ ತೂಕ ನೆಲದಿಂದ ಎಷ್ಟು ಮೇಲಿದೆ ಎಂಬುದರಲ್ಲಿ ಮಾತ್ರ.

ಬಂಡಿ ಕಲಿಸುವ ಈ ಪಾಠವನ್ನು ಅಮೆರಿಕದ ಒಂದು ಹವ್ಯಾಸಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಮುಂದೆ ಚಾಲಕನ ಕೋಣೆ, ಹಿಂದೆ ಮೇಲೆ ತೆರೆದ ಸಾಮಾನಿನ ತೊಟ್ಟಿ ಇರುವ ಸಣ್ಣ ಲಾರಿಯನ್ನು ಅಲ್ಲಿಯವರು ಪಿಕಪ್ ಟ್ರಕ್ಕು ಎನ್ನುತ್ತಾರೆ. 1950 ಮತ್ತು 1960ರ ದಶಕಗಳಲ್ಲಿ ರೈತರ ಹುಲ್ಲಿನ ಪಿಂಡಿಗಳನ್ನೂ ಬಡಗಿಯ ಹಲಗೆಗಳನ್ನೂ ಹೊತ್ತು ದುಡಿದ ಆ ಗಾಡಿಗಳು ಇಂದು ಅಭಿಮಾನದ ವಸ್ತುಗಳಾಗಿವೆ. ಅವನ್ನು ಕೊಂಡು ತುಕ್ಕು ತೆಗೆದು ಬಣ್ಣ ಬಳಿದು ಮತ್ತೆ ರಸ್ತೆಗೆ ಇಳಿಸುವವರು ಅಲ್ಲಿ ಬಹಳ ಮಂದಿ. ಹೀಗೆ ಉದ್ಧಾರಗೊಂಡ ಗಾಡಿಯ ಒಡೆಯನಿಗೆ ಎದುರಾಗುವ ಪ್ರಶ್ನೆ ಒಂದಿದೆ: ಇದು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು? ಕೆಲವರು ಅದನ್ನು ನೆಲಕ್ಕೆ ತಾಗುವಂತೆ ತಗ್ಗಿಸುತ್ತಾರೆ. ಕೆಲವರು ಏಣಿ ಹಾಕಿ ಹತ್ತುವಂತೆ ಏರಿಸುತ್ತಾರೆ. ಇಬ್ಬರೂ ಕಣ್ಣನ್ನೇ ನ್ಯಾಯಾಧೀಶನನ್ನಾಗಿ ಮಾಡಿಕೊಂಡಿರುತ್ತಾರೆ. ಅದು ತಲೆಕೆಳಗಾದ ಕ್ರಮವೆಂದು ನನ್ನ ಅಭಿಪ್ರಾಯ. ಗಾಡಿ ಏನನ್ನು ಹೊರಬೇಕು ಎಂಬುದು ಮೊದಲಿನ ಪ್ರಶ್ನೆ. ಅದರ ಚಕ್ರಗಳಿಗೆ ಮೇಲೆ ಕೆಳಗೆ ಆಡಲು ಎಷ್ಟು ಜಾಗ ಬೇಕು ಎಂಬುದು ಎರಡನೆಯದು. ಅಂದದ ಪ್ರಶ್ನೆ ಇವೆರಡಕ್ಕೂ ಉತ್ತರ ದೊರೆತ ಮೇಲೆ ಬರತಕ್ಕದ್ದು.

ಗಾಡಿಯ ಮೈಗೂ ಚಕ್ರಗಳಿಗೂ ನಡುವೆ ಇರುವ ಸ್ಪ್ರಿಂಗು, ತೋಳು, ಷಾಕ್ ಅಬ್ಸಾರ್ಬರ್ ಮುಂತಾದುವನ್ನೆಲ್ಲ ಒಟ್ಟಾಗಿ ಸಸ್ಪೆನ್ಷನ್ ಎನ್ನುತ್ತಾರೆ. 1955ರ ಷೆವ್ರೊಲೆ ಪಿಕಪ್ಪಿನಲ್ಲಿ ಮುಂದೆಯೂ ಹಿಂದೆಯೂ ಗಟ್ಟಿಯಾದ ಅಚ್ಚು, ಅದರ ಮೇಲೆ ನಮ್ಮ ಲಾರಿಗಳಲ್ಲಿರುವಂಥ ಕಮಾನು ಪಟ್ಟಿಗಳು ಇದ್ದುವು. 1960ರಲ್ಲಿ ಅದೇ ಕಂಪೆನಿ ಮುಂದಿನ ಎರಡು ಚಕ್ರಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವ ಏರ್ಪಾಡನ್ನು ತಂದಿತು. ಸಿ-10 ಎಂಬ ಮಾದರಿಯ ಹಿಂಭಾಗಕ್ಕೆ ಸುರುಳಿ ಸ್ಪ್ರಿಂಗುಗಳನ್ನು ಕೊಟ್ಟಿತು. ಮುಂಭಾಗಕ್ಕೂ 1963ರಲ್ಲಿ ಸುರುಳಿಗಳು ಬಂದುವು. ಫೋರ್ಡ್ ಕಂಪೆನಿ 1965ರಲ್ಲಿ ತನ್ನ ಎಫ್-100ರ ಮುಂದಿನ ಅಚ್ಚನ್ನು ಎರಡು ಪ್ರತ್ಯೇಕ ತೊಲೆಗಳಾಗಿ ವಿಭಾಗಿಸಿತು. ಆದಕಾರಣ ಒಂದು ಗಾಡಿಗೆ ಒಪ್ಪುವ ಉಪಾಯ ಇನ್ನೊಂದಕ್ಕೆ ಒಪ್ಪಲಾರದು. ಆದರೆ ಎಲ್ಲವನ್ನೂ ಆಳುವ ಭೌತಶಾಸ್ತ್ರ ಒಂದೇ.

ಆ ಶಾಸ್ತ್ರದ ಮೊದಲ ಸೂತ್ರವನ್ನು 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಹೇಳಿದನು: ಸ್ಪ್ರಿಂಗು ಎಷ್ಟು ಕುಗ್ಗುತ್ತದೆಯೋ ಅದು ಒಡ್ಡುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇದನ್ನು ಲೆಕ್ಕದಲ್ಲಿ ನೋಡೋಣ. ಬರಿದಾದ ಪಿಕಪ್ಪಿನ ಹಿಂದಿನ ಎರಡು ಸ್ಪ್ರಿಂಗುಗಳು ಒಟ್ಟು 450 ಕಿಲೋಗ್ರಾಂ ಹೊತ್ತಿವೆಯೆಂದೂ, ಪ್ರತಿ 45 ಕಿಲೋಗ್ರಾಮಿಗೆ 1 ಸೆಂಟಿಮೀಟರು ಕುಗ್ಗುತ್ತವೆಯೆಂದೂ ಇಟ್ಟುಕೊಳ್ಳಿ. ಆಗ ಅವು 10 ಸೆಂಟಿಮೀಟರು ಕುಗ್ಗಿ ನಿಂತಿರುತ್ತವೆ. ತೊಟ್ಟಿಯಲ್ಲಿ ಇನ್ನೂ 450 ಕಿಲೋಗ್ರಾಂ ಹೇರಿ, ಅದೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಬಿದ್ದರೆ ಹಿಂಭಾಗ ಮತ್ತೆ 10 ಸೆಂಟಿಮೀಟರು ಇಳಿಯುತ್ತದೆ. ಅಲ್ಲಿಯವರು ಅರ್ಧ ಟನ್ನಿನದೆಂದು ಕರೆಯುವ ಪಿಕಪ್ಪಿನ ಹೊರೆ ಮೂಲತಃ ಸುಮಾರು ಇಷ್ಟೇ.

ಹಳೆಯ ಪಿಕಪ್ಪುಗಳು ಬರಿದಾಗಿ ನಿಂತಾಗ ಹಿಂಭಾಗ ಎತ್ತಿಕೊಂಡಂತೆ ಕಾಣುವುದರ ಗುಟ್ಟು ಇದೇ. ತಯಾರಕರು ಬರಲಿರುವ ಹೊರೆಗಾಗಿ ಜಾಗವನ್ನು ಕಾಯ್ದಿರಿಸಿದರು. ಹೊರೆ ಬಂದಾಗ ಗಾಡಿ ಸಮತಲಕ್ಕೆ ಬರುತ್ತಿತ್ತು. ಬರಿದಾದ ಗಾಡಿಯನ್ನು ಮಾತ್ರ ನೋಡಿ ಅದನ್ನು ಕುರೂಪವೆನ್ನುವವನು ಊಟಕ್ಕೆ ಮುಂಚೆ ಎಲೆ ದೊಡ್ಡದಾಯಿತೆಂದು ದೂರುವವನಂತೆ.

ಅಚ್ಚಿಗೂ ಚೌಕಟ್ಟಿಗೂ ನಡುವೆ ಇರುವ ಜಾಗವನ್ನು ಒಂದು ಜಮಾಖರ್ಚಿನ ಪುಸ್ತಕವೆಂದು ಭಾವಿಸಬಹುದು. ಅಚ್ಚು ಚೌಕಟ್ಟಿಗೆ ಬಡಿಯದಂತೆ ನಡುವೆ ರಬ್ಬರಿನ ತಡೆ ಇರುತ್ತದೆ. ಬರಿದಾದ ಗಾಡಿಯಲ್ಲಿ ಆ ತಡೆಯವರೆಗೆ 15 ಸೆಂಟಿಮೀಟರು ಇದ್ದರೆ ಅದು ಜಮಾ. ಪೂರ್ಣ ಹೊರೆಗೆ 10 ಖರ್ಚಾಯಿತು. ಉಳಿದ 5 ಸೆಂಟಿಮೀಟರು ರಸ್ತೆಯ ಉಬ್ಬುತಗ್ಗುಗಳಿಗೆ. ಈಗ ಒಡೆಯನು ಅಂದಕ್ಕಾಗಿ ಗಿಡ್ಡ ಸ್ಪ್ರಿಂಗು ಹಾಕಿ 10 ಸೆಂಟಿಮೀಟರು ತಗ್ಗಿಸಿದನೆನ್ನಿ. ಆಗ ಪೂರ್ಣ ಹೊರೆಯನ್ನು ಹೇರುವಷ್ಟರಲ್ಲಿಯೇ ಪುಸ್ತಕ ಸಾಲಕ್ಕೆ ಬೀಳುತ್ತದೆ. ಅಚ್ಚು ತಡೆಗೆ ತಾಗಿ ನಿಲ್ಲುತ್ತದೆ. ಮುಂದಿನ ಪ್ರತಿಯೊಂದು ಏಟನ್ನೂ ಸ್ಪ್ರಿಂಗಿನ ಬದಲು ಚೌಕಟ್ಟೇ ತಿನ್ನಬೇಕು. ತಿರುವಿನ ನಡುವೆ ಹೀಗಾದರೆ ಚಕ್ರ ನೆಲವನ್ನು ಬಿಟ್ಟು ಚಿಮ್ಮಬಹುದು. ಹಿಡಿತ ತಪ್ಪುವುದು ಆ ಕ್ಷಣದಲ್ಲಿಯೇ.

ಸ್ಪ್ರಿಂಗನ್ನು ಗಡುಸು ಮಾಡಿದರಾಯಿತು ಎಂದು ಕೆಲವರು ವಾದಿಸುತ್ತಾರೆ. ಸುರುಳಿಯನ್ನು ಕತ್ತರಿಸಿದಾಗ ಅದು ತಾನಾಗಿಯೇ ಗಡುಸಾಗುತ್ತದೆ: ಕೆಲಸ ಮಾಡುವ ಸುತ್ತು 10 ಇದ್ದುದು 8 ಆದರೆ ಗಡಸುತನ ಒಂದೂಕಾಲು ಪಟ್ಟಾಗುತ್ತದೆ. ಆದರೆ ಇದಕ್ಕೆ ಬೆಲೆ ತೆರಬೇಕು. ಸ್ಪ್ರಿಂಗಿನ ಮೇಲೆ ಕುಳಿತ ಮೈ ಎಷ್ಟು ಬೇಗ ತೂಗಾಡುತ್ತದೆಂಬುದು ಭಾರದಿಂದ ಸ್ಪ್ರಿಂಗು ಎಷ್ಟು ಕುಗ್ಗಿ ನಿಂತಿದೆ ಎಂಬುದೊಂದನ್ನೇ ಅವಲಂಬಿಸಿದೆ. ಕುಗ್ಗುವಿಕೆ 25 ಸೆಂಟಿಮೀಟರಿದ್ದರೆ ನಿಮಿಷಕ್ಕೆ ಸುಮಾರು 60 ಸಲ. 10 ಇದ್ದರೆ 95 ಸಲ. 5 ಇದ್ದರೆ 134 ಸಲ. ಗಂಟೆಗೆ ಕೆಲವೇ ಮೈಲಿ ನಡೆಯುವ ಮನುಷ್ಯನ ದೇಹ ನಿಮಿಷಕ್ಕೆ 60ರಿಂದ 90ರವರೆಗಿನ ಏರಿಳಿತವನ್ನು ಆಯಾಸವಿಲ್ಲದೆ ಸಹಿಸುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದಷ್ಟೂ ಸವಾರಿ ಕುಲುಕಾಟವಾಗುತ್ತದೆ. ಸುರುಳಿಯನ್ನು ಬೆಂಕಿಯಿಂದ ಕಾಯಿಸಿ ಕುಗ್ಗಿಸುವ ಇನ್ನೊಂದು ಪದ್ಧತಿಯಂತೂ ಅಕ್ಷಮ್ಯ. ಉಕ್ಕಿಗೆ ಹದ ಕೊಟ್ಟದ್ದೇ ಶಾಖದ ಲೆಕ್ಕಾಚಾರದಿಂದ. ಲೆಕ್ಕವಿಲ್ಲದ ಬೆಂಕಿ ಆ ಹದವನ್ನು ಕೆಡಿಸುತ್ತದೆ.

ಹಾಗಾದರೆ ಏರಿಸುವುದೇ ಲೇಸೆ? ಅಲ್ಲ. ಇಲ್ಲಿ ಹುಲ್ಲಿನ ಬಂಡಿಯನ್ನು ನೆನೆಯಬೇಕು. ಎರಡು ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಗಾಡಿಯ ಸ್ಥಿರತೆಯ ಅಳತೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ಸರಕಾರೀ ಇಲಾಖೆಯೂ ಮಗುಚುವ ಅಪಾಯವನ್ನು ಅಂದಾಜುಮಾಡಲು ಈ ಸಂಖ್ಯೆಯನ್ನು ಉಪಯೋಗಿಸುತ್ತದೆ. ಅಂತರ 160, ಕೇಂದ್ರದ ಎತ್ತರ 70 ಸೆಂಟಿಮೀಟರಾದರೆ ಸಂಖ್ಯೆ 1.14. ಕೇಂದ್ರ 15 ಸೆಂಟಿಮೀಟರು ಏರಿದರೆ ಅದು 0.94ಕ್ಕೆ ಇಳಿಯುತ್ತದೆ. ಅಂದರೆ, ತನ್ನ ತೂಕಕ್ಕಿಂತ ಕಡಮೆಯಾದ ಪಕ್ಕದ ಬಲವೇ ಅದನ್ನು ಉರುಳಿಸಬಲ್ಲುದು. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಹಿಡಿತ ಇದರ ಹತ್ತಿರಕ್ಕೆ ಬರುತ್ತದೆ. ಮೈ ವಾಲುವುದರಿಂದ ಸ್ಥಿರತೆ ಮತ್ತಷ್ಟು ಕುಂದುತ್ತದೆ. ತಗ್ಗಿನ ಗಾಡಿ ಜಾರಿ ಚಾಲಕನನ್ನು ಎಚ್ಚರಿಸುವ ಕಡೆಯಲ್ಲಿ ಎತ್ತರದ ಗಾಡಿ ಎಚ್ಚರಿಸದೆಯೇ ಮಗುಚಬಹುದು.

ಅಪಾಯ ಒಡೆಯನೊಬ್ಬನದೇ ಆಗಿದ್ದರೆ ಅವನ ಇಷ್ಟವೆಂದು ಬಿಡಬಹುದಾಗಿತ್ತು. ಆದರೆ ಅಮೆರಿಕದಲ್ಲಿ ಕಾರುಗಳ ಬಂಪರು ನೆಲದಿಂದ 16ರಿಂದ 20 ಅಂಗುಲಗಳ ನಡುವಣ ಏಟನ್ನು ತಡೆಯಬೇಕೆಂದು ನಿಯಮವಿದೆ. ಪಿಕಪ್ಪುಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಏರಿಸಿದ ಟ್ರಕ್ಕಿನ ಚೌಕಟ್ಟು ಡಿಕ್ಕಿಯಲ್ಲಿ ಕಾರಿನ ಬಂಪರನ್ನು ದಾಟಿ ಒಳಗೆ ಕುಳಿತವರತ್ತ ನುಗ್ಗುತ್ತದೆ. ಮೇಲೇರಿದ ದೀಪಗಳು ಎದುರಿನವರ ಕಣ್ಣು ಕುಕ್ಕುತ್ತವೆ.

ಎತ್ತರವನ್ನು ಬದಲಿಸಿದಾಗ ಕಣ್ಣಿಗೆ ಕಾಣದ ಭಾಗವೊಂದೂ ನರಳುತ್ತದೆ. ಗೇರು ಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲ್ಲರ್ ಷಾಫ್ಟಿನ ತುದಿಗಳಲ್ಲಿ ಬಾಗುವ ಕೀಲುಗಳಿವೆ. ಈ ಕೀಲಿಗೂ ಹುಕನ ಹೆಸರೇ ಇದೆ. ಕೀಲು ಬಾಗಿದ್ದಾಗ ಒಂದು ಕಡೆ ಸಮವೇಗದಿಂದ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ ಕುಗ್ಗುತ್ತದೆ. ಬಾಗು 3 ಅಂಶಗಳಾದರೆ ಈ ವ್ಯತ್ಯಾಸ ನೂರಕ್ಕೆ 0.14 ಮಾತ್ರ, 12 ಅಂಶಗಳಾದರೆ ನೂರಕ್ಕೆ 2.2. ಎರಡೂ ತುದಿಗಳ ಕೋನಗಳು ಸಮನಾಗಿದ್ದರೆ ಒಂದರ ದೋಷವನ್ನು ಇನ್ನೊಂದು ನುಂಗುತ್ತದೆ. ತಗ್ಗಿಸುವ ಅಥವಾ ಏರಿಸುವ ಆತುರದಲ್ಲಿ ಈ ಸಮತೆಯನ್ನು ಕೆಡಿಸಿದವನ ಗಾಡಿ ವೇಗವೇರಿದೊಡನೆ ನಡುಗತೊಡಗುತ್ತದೆ. ಹಾಗೆಯೇ ಫೋರ್ಡಿನ ಎರಡು ತೊಲೆಗಳ ಗಾಡಿಯನ್ನು ಗಿಡ್ಡ ಸ್ಪ್ರಿಂಗಿನಿಂದ ತಗ್ಗಿಸಿದರೆ ಮುಂದಿನ ಚಕ್ರಗಳ ತಲೆಗಳು ಒಳಕ್ಕೆ ವಾಲಿ ಟೈರುಗಳ ಒಳ ಅಂಚು ಬೇಗ ಸವೆಯುತ್ತದೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ತಗ್ಗಿಸುವುದೆಲ್ಲ ಮೂರ್ಖತನವೆಂದು ನಾನು ಹೇಳುತ್ತಿಲ್ಲ. ಗುರುತ್ವಕೇಂದ್ರ ಇಳಿದಷ್ಟೂ ಗಾಡಿ ತಿರುವಿನಲ್ಲಿ ನೆಮ್ಮದಿಯಿಂದಿರುತ್ತದೆ. ಈ ಗುಣವನ್ನು ಸ್ಪ್ರಿಂಗಿನ ಜಮೆಯಿಂದ ಕದಿಯದೆ ಪಡೆಯುವ ಮಾರ್ಗಗಳೂ ಇವೆ. ಸಿ-10ರಲ್ಲಿ ಮುಂದಿನ ಚಕ್ರವನ್ನು ಹೊರುವ ಸ್ಟಬ್ ಆಕ್ಸಲನ್ನು, ಚಕ್ರದ ಕೇಂದ್ರ ಮೇಲಕ್ಕೆ ಸರಿದಿರುವ ಇನ್ನೊಂದರಿಂದ ಬದಲಿಸಬಹುದು. ಆಗ ಮೈ ಇಳಿಯುತ್ತದೆ, ಸ್ಪ್ರಿಂಗು ಮತ್ತು ತೋಳುಗಳು ಇದ್ದಂತೆಯೇ ಇರುತ್ತವೆ. 1955ರ ಮಾದರಿಯಲ್ಲಿ ತುದಿಗಳು ಮೇಲಕ್ಕೆ ಬಾಗಿದ ಅಚ್ಚು ಇದೇ ಕೆಲಸವನ್ನು ಮಾಡುತ್ತದೆ. ಇವುಗಳಲ್ಲಿ ಇನ್ನೊಂದು ಸದ್ಗುಣವಿದೆ: ಬೇಡವೆನಿಸಿದರೆ ಬಿಚ್ಚಿ ಮೊದಲಿನ ಭಾಗವನ್ನು ಜೋಡಿಸಬಹುದು. ಹಿಂದಿನ ಅಚ್ಚಿಗೆ ಜಾಗ ಮಾಡಲು ಚೌಕಟ್ಟನ್ನೇ ಕೊರೆದವನಿಗೆ ಆ ದಾರಿ ಇಲ್ಲ. ಅರುವತ್ತು ವರ್ಷ ಬಾಳಿದ ಯಂತ್ರವನ್ನು ನಮ್ಮ ಅನಂತರ ಬರುವವರಿಗೂ ಒಪ್ಪಿಸಬೇಕಾಗಿದೆ ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪಣೆಯನ್ನು ಗೌರವದಿಂದ ಎದುರಿಸಬೇಕು. ಕ್ಯಾಲಿಫೋರ್ನಿಯದ ಮೆಕ್ಸಿಕನ್ ಮೂಲದ ಯುವಕರಿಗೆ ತಗ್ಗಿದ ಗಾಡಿ ಕೇವಲ ಷೋಕಿಯಲ್ಲ, ತಮ್ಮತನದ ಗುರುತು. ಗಾಡಿಯ ಯಾವ ಭಾಗವೂ ಚಕ್ರದ ಉಕ್ಕಿನ ಬಳೆಯ ಕೆಳ ಅಂಚಿಗಿಂತ ಕೆಳಗಿರಕೂಡದೆಂದು 1950ರ ದಶಕದ ಕೊನೆಯಲ್ಲಿ ಆ ಸಂಸ್ಥಾನ ಕಾನೂನು ಮಾಡಿದಾಗ, ರಾನ್ ಅಗೀರೆ ಎಂಬ ತರುಣನು ವಿಮಾನಗಳ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರಿಗೆ ಅಳವಡಿಸಿ, ಬೇಕಾದಾಗ ಏರಿಸಿ ಇಳಿಸುವ ಉಪಾಯವನ್ನು ಕಂಡುಕೊಂಡನು. ಆ ಕಾನೂನು ಒಂದು ಜನವರ್ಗವನ್ನು ಕಾಡಲು ನೆವವಾಯಿತೆಂಬ ದೂರು ಬಹುಕಾಲ ಇತ್ತು. 2024ರ ಜನವರಿಯಿಂದ ಅದು ರದ್ದಾಗಿದೆ. ರದ್ದಾದುದು ನ್ಯಾಯವೇ. ಆದರೂ ಅದರಲ್ಲಿ ಅಡಗಿದ್ದ ಯಂತ್ರಶಾಸ್ತ್ರದ ವಿವೇಕ ರದ್ದಾಗಿಲ್ಲ. ಟೈರಿನ ಗಾಳಿ ಒಮ್ಮೆಲೇ ಹೋದರೆ ಗಾಡಿ ಬಳೆಯ ಮೇಲೆ ಕೂರುತ್ತದೆ. ಆಗ ನೆಲಕ್ಕೆ ಮೊದಲು ತಾಗುವುದು ಚಕ್ರವಾಗಿರಬೇಕೇ ಹೊರತು ಸ್ಟೀರಿಂಗಿನ ಸರಳಾಗಲಿ ಬ್ರೇಕಿನ ಕೊಳವೆಯಾಗಲಿ ಆಗಿರಬಾರದು. ಪೋಲೀಸಿನವನು ಕೇಳದಿದ್ದರೂ ಪ್ರತಿಯೊಬ್ಬ ಒಡೆಯನೂ ಈ ನಿಯಮವನ್ನು ತನಗೆ ತಾನೇ ವಿಧಿಸಿಕೊಳ್ಳುವುದು ಲೇಸು.

ಆದುದರಿಂದ ನಾನು ಸೂಚಿಸುವ ಕ್ರಮ ಹೀಗೆ: ಮೊದಲು ಗಾಡಿ ಇನ್ನು ಮುಂದೆ ಹೊರಲಿರುವ ಅತಿ ಹೆಚ್ಚಿನ ತೂಕವನ್ನು ಪ್ರಾಮಾಣಿಕವಾಗಿ ಗೊತ್ತುಮಾಡಿ, ಅಷ್ಟು ಮರಳಿನ ಚೀಲಗಳನ್ನು ತೊಟ್ಟಿಯಲ್ಲಿ ಇರಿಸಬೇಕು. ಅಚ್ಚಿನಿಂದ ತಡೆಯವರೆಗೆ ಉಳಿದ ಜಾಗವನ್ನು ಅಳೆಯಬೇಕು. ಅದರಲ್ಲಿ ರಸ್ತೆಗಾಗಿ ಕಡೆಯ ಪಕ್ಷ 5 ಸೆಂಟಿಮೀಟರನ್ನು ಮುಟ್ಟದೆ ಬಿಡಬೇಕು. ಇನ್ನೂ ಏನಾದರೂ ಮಿಕ್ಕರೆ ಅಷ್ಟು ಮಾತ್ರ ಸ್ಪ್ರಿಂಗಿನಿಂದ ತಗ್ಗಿಸಲು ಅಧಿಕಾರವುಂಟು. ನಮ್ಮ ಲೆಕ್ಕದ ಗಾಡಿ ಪೂರ್ಣ ಹೊರೆ ಹೊರುವುದಾದರೆ ಮಿಕ್ಕುವುದು ಸೊನ್ನೆ. ಅರ್ಧ ಹೊರೆಯಾದರೆ 5 ಸೆಂಟಿಮೀಟರು, ಎಂದರೆ 2 ಅಂಗುಲ. ಇದಕ್ಕಿಂತ ಹೆಚ್ಚು ಬೇಕೆಂದವನು ತನ್ನದು ಇನ್ನು ಮೇಲೆ ಹೊರೆಗಾಡಿಯಲ್ಲವೆಂದು ಒಪ್ಪಿಕೊಂಡು ಮುಂದುವರಿಯಲಿ. ಏರಿಸಬೇಕೆನ್ನುವವನು ಕೆಸರು ಬಂಡೆಗಳ ದಾರಿಯಲ್ಲಿ ದಿನವೂ ಓಡಾಡುವವನಾಗಿದ್ದರೆ ಮಾತ್ರ ಅವನ ವಾದಕ್ಕೆ ಬಲವಿದೆ.

ನಮ್ಮ ದೇಶದಲ್ಲಿ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆದಕಾರಣ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಆ ರೂಪದಲ್ಲಿ ಎದುರಾಗಲಾರದು. ಆದರೆ ಹುಕನ ನಿಯಮವನ್ನು ಪರೀಕ್ಷೆಗಾಗಿ ಉರುಹೊಡೆಯುವ ತರುಣರು ಒಮ್ಮೆ ಊರಿನ ನಿಲ್ದಾಣದಲ್ಲಿ ನಿಂತು, ಜನ ಹತ್ತಿದಂತೆಲ್ಲ ಇಳಿಯುವ ಬಸ್ಸನ್ನು ನೋಡಲಿ. ಚಕ್ರಕ್ಕೂ ಮೈಗೂ ನಡುವೆ ಉಳಿದಿರುವ ಆ ಗೇಣು ಜಾಗವನ್ನು ಕಣ್ಣಿನಲ್ಲಿಯೇ ಅಳೆಯಲಿ. ಒಳಗಿರುವವರೆಲ್ಲ ಊರು ಸೇರುವುದು ಆ ಜಾಗ ಉಳಿದಿರುವುದರಿಂದ.